ಬಾಹುಕನ ಅಡುಗೆ, ದಮಯಂತಿಯ ಸುಳ್ಳು

ಹಬ್ಬದೂಟ ರುಚಿಯಾಗಿದ್ದರೆ ‘ನಳಪಾಕ ಕಣ್ರೀ’ ಎನ್ನುತ್ತೇವೆ. ಹೋಟೆಲಿನ ಬೋರ್ಡಿನ ಮೇಲೆ, ಮದುವೆ ಅಡುಗೆಯವರ ಕಾರ್ಡಿನ ಮೇಲೆ ಈ ಹೆಸರು ಕಾಣಿಸುತ್ತದೆ. ಆದರೆ ಈ ಮಾತು ಬಂದ ಕಥೆಯಲ್ಲಿ ನಳನ ಅಡುಗೆ ಬರೀ ರುಚಿಯ ವಿಷಯವಲ್ಲ. ಅದೊಂದು ಸಾಕ್ಷಿ. ಮುಖವೂ ಬೇರೆ, ಹೆಸರೂ ಬೇರೆಯಾಗಿ ಕುದುರೆ ಲಾಯದ ಪಕ್ಕ ಕೂತಿದ್ದ ಗಂಡನ ಗುರುತನ್ನು ಹೆಂಡತಿ ಬಾಯಿಗಿಟ್ಟ ಒಂದು ತುತ್ತಿನಲ್ಲಿ ಹಿಡಿದಳು.

ತಾವು ಯಾರು ಅನ್ನೋದನ್ನು ಮುಚ್ಚಿಟ್ಟ ಇಬ್ಬರ ಪ್ರೀತಿಕಥೆ ನಮಗೆ ಹೊಸದಲ್ಲ. ಧಾರಾವಾಹಿಗಳಲ್ಲಿ, ಸಿನಿಮಾಗಳಲ್ಲಿ, ಮೊಬೈಲಿನಲ್ಲಿ ಓದುವ ಕಂತುಕಥೆಗಳಲ್ಲಿ ಅದು ಬರುತ್ತಲೇ ಇರುತ್ತದೆ. ಶ್ರೀಮಂತನ ಮಗ ಡ್ರೈವರ್ ಆಗಿ ಬರುತ್ತಾನೆ. ಪೊಲೀಸ್ ಅಧಿಕಾರಿ ಟೀಚರ್ ಆಗಿ ಬರುತ್ತಾಳೆ. ಗುಟ್ಟು ನಮಗೆ ಮೊದಲ ಕಂತಿನಲ್ಲೇ ತಿಳಿದುಬಿಡುತ್ತದೆ. ಆದರೂ ಕಥೆ ಬಿಟ್ಟು ಏಳೋಕೆ ಆಗಲ್ಲ. ಯಾಕೆ ಹೀಗೆ? ಇದನ್ನು ಬಿಡಿಸಿ ನೋಡಲು ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಪತ್ತೇದಾರಿ ಕಥೆಯಲ್ಲಿ ಗುಟ್ಟನ್ನು ಓದುಗನಿಂದಲೇ ಮುಚ್ಚಿಡುತ್ತಾರೆ. ಕೊಂದವರು ಯಾರು ಅಂತ ಕೊನೆಯ ಪುಟದಲ್ಲಿ ಗೊತ್ತಾಗುತ್ತದೆ. ವೇಷದ ಪ್ರೀತಿಕಥೆಯಲ್ಲಿ ಹಾಗಲ್ಲ. ನಳೋಪಾಖ್ಯಾನದ ಕವಿ ನಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ. ಕಾಳ್ಗಿಚ್ಚಿನಲ್ಲಿ ಸಿಕ್ಕಿದ್ದ ಕಾರ್ಕೋಟಕ ಎಂಬ ಹಾವನ್ನು ನಳ ಕಾಪಾಡುತ್ತಾನೆ. ಅದು ಅವನನ್ನೇ ಕಚ್ಚುತ್ತದೆ. ನಳನ ರೂಪ ಕೆಡುತ್ತದೆ, ತೋಳು ಗಿಡ್ಡವಾಗುತ್ತದೆ. ಅಲ್ಲಿಂದ ಅವನು ಬಾಹುಕ. ಇದೆಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ಹಾಗಾಗಿ ‘ಇವನು ಯಾರು’ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಇರುವ ಪ್ರಶ್ನೆಗಳು ಬೇರೆ. ಅವಳಿಗೆ ಯಾವಾಗ ಗೊತ್ತಾಗುತ್ತದೆ? ಗೊತ್ತಾದ ಮೇಲೆ ಅವಳು ಏನು ಮಾಡುತ್ತಾಳೆ? ಅವನೇ ಯಾಕೆ ಬಾಯಿಬಿಡುತ್ತಿಲ್ಲ?

ಅಂದರೆ ಇಂಥ ಕಥೆಯಲ್ಲಿ ಮೂರು ಲೆಕ್ಕ ಒಟ್ಟಿಗೆ ನಡೆಯುತ್ತವೆ. ಅವನಿಗೆ ಗೊತ್ತಿರುವುದು ಒಂದು. ಅವಳಿಗೆ ಗೊತ್ತಿರುವುದು ಒಂದು. ನಮಗೆ ಗೊತ್ತಿರುವುದು ಇವೆರಡಕ್ಕಿಂತ ಜಾಸ್ತಿ. ಈ ಮೂರರ ನಡುವಿನ ಅಂತರದಿಂದಲೇ ಎದೆ ಡವಡವ ಅನ್ನುವುದು. ಬಡಗುತಿಟ್ಟಿನ ಯಕ್ಷಗಾನದಲ್ಲಿ ನಳ ದಮಯಂತಿ ಪ್ರಸಂಗ ನೋಡುವವರಿಗೆ ಕಥೆ ಪೂರ್ತಿ ಬಾಯಿಪಾಠವಾಗಿರುತ್ತದೆ. ಆದರೂ ಬಾಹುಕ ರಂಗಕ್ಕೆ ಬಂದಾಗ ಯಾರೂ ಎದ್ದು ಹೋಗುವುದಿಲ್ಲ. ಕಥೆ ಗೊತ್ತಿದ್ದರೆ ಕಾತರ ಕಡಿಮೆಯಾಗುತ್ತದೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ವೇಷ ಹಾಕಲು ಒಂದು ಕಾರಣ ಬೇಕು

ಕಥೆಯ ಮೊದಲ ಭಾಗ ಎಲ್ಲರಿಗೂ ಗೊತ್ತಿರುವುದೇ. ನಿಷಧದ ರಾಜ ನಳ. ವಿದರ್ಭದ ಭೀಮರಾಜನ ಮಗಳು ದಮಯಂತಿ. ಹಂಸ ಇಬ್ಬರ ನಡುವೆ ಪ್ರೀತಿ ಹುಟ್ಟಿಸುತ್ತದೆ. ಸ್ವಯಂವರ ಆಗುತ್ತದೆ, ಇಬ್ಬರು ಮಕ್ಕಳೂ ಆಗುತ್ತಾರೆ. ಕೇಡು ತರುವ ಕಲಿಪುರುಷ ನಳನ ಮೈ ಹೊಗುತ್ತಾನೆ. ತಮ್ಮ ಪುಷ್ಕರನ ಜೊತೆ ಪಗಡೆಯಾಡಿ ನಳ ರಾಜ್ಯ ಕಳೆದುಕೊಳ್ಳುತ್ತಾನೆ. ಕಾಡಿನಲ್ಲಿ ಹಕ್ಕಿಗಳನ್ನು ಹಿಡಿಯಲು ಬಟ್ಟೆ ಹಾಸಿದರೆ ಅವು ಬಟ್ಟೆಯನ್ನೇ ಎತ್ತಿಕೊಂಡು ಹಾರಿಹೋಗುತ್ತವೆ. ಗಂಡ ಹೆಂಡಿರಿಗೆ ಉಳಿಯುವುದು ಒಂದೇ ವಸ್ತ್ರ. ಒಂದು ರಾತ್ರಿ ಅದರಲ್ಲೂ ಅರ್ಧ ಕತ್ತರಿಸಿಕೊಂಡು, ಮಲಗಿದ್ದ ಹೆಂಡತಿಯನ್ನು ಬಿಟ್ಟು ನಳ ಹೊರಟುಹೋಗುತ್ತಾನೆ.

ಇಲ್ಲಿಂದ ಇಬ್ಬರೂ ಬೇರೆ ಬೇರೆ ಕಡೆ, ಬೇರೆ ಬೇರೆ ಕಾರಣಕ್ಕೆ ಗುರುತು ಮರೆಸಿಕೊಳ್ಳುತ್ತಾರೆ. ದಮಯಂತಿ ಚೇದಿಯ ಅರಮನೆಗೆ ಸೈರಂಧ್ರಿಯಾಗಿ, ಅಂದರೆ ರಾಣಿವಾಸದ ಅಲಂಕಾರದ ದಾಸಿಯಾಗಿ, ಸೇರುತ್ತಾಳೆ. ರಾಜಮಾತೆಗೆ ಅವಳು ಮೊದಲೇ ಷರತ್ತು ಹಾಕುತ್ತಾಳೆ. ಎಂಜಲು ತಿನ್ನುವುದಿಲ್ಲ, ಯಾರ ಕಾಲನ್ನೂ ತೊಳೆಯುವುದಿಲ್ಲ, ಪರಗಂಡಸರ ಜೊತೆ ಮಾತಾಡುವುದಿಲ್ಲ. ಅವಳಿಗೆ ವೇಷ ಬೇಕಾಗಿದ್ದು ಮಾನ ಕಾಪಾಡಿಕೊಳ್ಳಲು. ನಳ ಅಯೋಧ್ಯೆಯಲ್ಲಿ ಋತುಪರ್ಣ ರಾಜನ ಸಾರಥಿಯಾಗುತ್ತಾನೆ. ಅವನು ವೇಷದ ಹಿಂದೆ ನಿಂತದ್ದು ನಾಚಿಕೆಯಿಂದ. ಮಾಡಿದ ತಪ್ಪಿಗೆ ಮುಖ ತೋರಿಸಲಾಗದೆ.

ಬರೆಯುವವರು ಇದನ್ನು ಗಮನಿಸಬೇಕು ಅಂತ ನನಗೆ ಅನ್ನಿಸುತ್ತದೆ. ಎಷ್ಟೋ ಕಥೆಗಳಲ್ಲಿ ನಾಯಕ ಸುಮ್ನೆ ಆಟಕ್ಕೆ ವೇಷ ಹಾಕುತ್ತಾನೆ. ಅಂಥ ವೇಷ ಕಳಚಿ ಬಿದ್ದರೆ ಯಾರಿಗೂ ನೋವಾಗುವುದಿಲ್ಲ. ಬಾಹುಕನ ವೇಷ ಕಳಚಿದರೆ ಒಳಗೆ ಇರುವುದು ಹೆಂಡತಿಯನ್ನು ನಡುಕಾಡಿನಲ್ಲಿ ಬಿಟ್ಟು ಬಂದ ಗಂಡಸು. ಅದಕ್ಕೇ ಅವನು ಬಾಯಿಬಿಡಲಾರ. ಅದಕ್ಕೇ ನಾವೂ ಉಸಿರು ಬಿಗಿ ಹಿಡಿಯುತ್ತೇವೆ.

ದಮಯಂತಿಯ ಗುಟ್ಟು ಮೊದಲು ಬಯಲಾಗುತ್ತದೆ. ತಂದೆ ಕಳಿಸಿದ್ದ ಸುದೇವ ಎಂಬ ಬ್ರಾಹ್ಮಣ ಅವಳನ್ನು ಗುರುತಿಸುತ್ತಾನೆ. ಹುಬ್ಬುಗಳ ನಡುವೆ ಇದ್ದ ಮಚ್ಚೆ ಧೂಳಿನಲ್ಲಿ ಮುಚ್ಚಿಹೋಗಿರುತ್ತದೆ. ರಾಜಕುಮಾರಿ ಸುನಂದೆ ಆ ಧೂಳು ತೊಳೆದಾಗ ಮಚ್ಚೆ ಹೊಳೆಯುತ್ತದೆ. ರಾಜಮಾತೆ ಅವಳ ತಾಯಿಯ ಒಡಹುಟ್ಟಿದವಳು ಅಂತ ಆಗ ತಿಳಿಯುತ್ತದೆ. ಕವಿ ಇದನ್ನು ಬೇಗ ಮುಗಿಸುತ್ತಾನೆ. ಒಂದು ಮಚ್ಚೆ ಕಂಡರೆ ಸಾಕು, ದಮಯಂತಿ ಸಿಕ್ಕಳು. ನಳನ ವಿಷಯದಲ್ಲಿ ಹಾಗಾಗುವುದಿಲ್ಲ. ಅವನ ಮೈಮೇಲೆ ನಳನದು ಅನ್ನುವ ಯಾವ ಗುರುತೂ ಉಳಿದಿಲ್ಲ.

ಕೇಳದೆ ಇದ್ದದ್ದನ್ನೂ ಹೇಳಿದ ಉತ್ತರ

ತವರಿಗೆ ಮರಳಿದ ದಮಯಂತಿ ನಳನನ್ನು ಹುಡುಕಲು ಶುರು ಮಾಡುವ ರೀತಿ ನೋಡಿ. ರೂಪದ ವಿವರ ಕೊಟ್ಟು ‘ಹೀಗಿರುವವನನ್ನು ಹುಡುಕಿ’ ಎನ್ನುವುದಿಲ್ಲ. ಬ್ರಾಹ್ಮಣರ ಕೈಲಿ ಒಂದು ಮಾತು ಕೊಟ್ಟು ಕಳಿಸುತ್ತಾಳೆ. ಊರೂರಲ್ಲಿ, ಜನ ಸೇರಿದ ಕಡೆಯಲ್ಲೆಲ್ಲ ಅದನ್ನು ಹೇಳಬೇಕು. ಜೂಜುಗಾರನೇ, ನನ್ನ ವಸ್ತ್ರದ ಅರ್ಧ ಕತ್ತರಿಸಿಕೊಂಡು, ಕಾಡಿನಲ್ಲಿ ಮಲಗಿದ್ದ ನನ್ನನ್ನು ಬಿಟ್ಟು ಎಲ್ಲಿಗೆ ಹೋದೆ? ಮಾತಿನ ತಿರುಳು ಇಷ್ಟು. ಯಾರಾದರೂ ಉತ್ತರ ಕೊಟ್ಟರೆ ಬಂದು ತಿಳಿಸಬೇಕು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಪಾಸ್‌ವರ್ಡ್. ಊರಿಗೆಲ್ಲ ಕೇಳಿಸುತ್ತದೆ, ತಗುಲುವುದು ಒಬ್ಬನಿಗೆ ಮಾತ್ರ.

ಪರ್ಣಾದ ಎಂಬ ಬ್ರಾಹ್ಮಣ ಋತುಪರ್ಣನ ಸಭೆಯಲ್ಲಿ ಈ ಮಾತು ಹೇಳಿದಾಗ ಯಾರೂ ಬಾಯಿ ತೆರೆಯುವುದಿಲ್ಲ. ಆಮೇಲೆ ಯಾರೂ ಇಲ್ಲದ ಕಡೆ ಬಾಹುಕ ಬಂದು, ನಿಟ್ಟುಸಿರು ಬಿಟ್ಟು, ಅತ್ತು, ಉತ್ತರ ಹೇಳುತ್ತಾನೆ. ಆ ಉತ್ತರದಲ್ಲಿ ‘ನಾನು’ ಎಂಬ ಪದವೇ ಇಲ್ಲ. ಒಳ್ಳೆಯ ಮನೆತನದ ಹೆಂಗಸರು ಕಷ್ಟದಲ್ಲೂ ತಮ್ಮನ್ನು ತಾವು ಕಾಪಾಡಿಕೊಳ್ಳುತ್ತಾರೆ ಎನ್ನುತ್ತಾನೆ. ಹೊಟ್ಟೆಪಾಡಿಗೆ ಹೊರಟು, ಹಕ್ಕಿಗಳಿಗೆ ಬಟ್ಟೆ ಕಳೆದುಕೊಂಡು, ಮನಸ್ಸು ಸುಟ್ಟುಕೊಂಡವನ ಮೇಲೆ ಅವಳು ಕೋಪ ಮಾಡಿಕೊಳ್ಳಬಾರದು ಎನ್ನುತ್ತಾನೆ. ಎಲ್ಲವೂ ‘ಅವಳು’, ‘ಅವನು’.

ಈಗ ಆ ಹಕ್ಕಿಗಳ ಕಡೆ ಗಮನ ಕೊಡಿ. ದಮಯಂತಿ ಕಳಿಸಿದ ಪ್ರಶ್ನೆಯಲ್ಲಿ ಹಕ್ಕಿಗಳ ಮಾತೇ ಇರಲಿಲ್ಲ. ಕೇಳದೆ ಇದ್ದದ್ದನ್ನು ಬಾಹುಕ ತಾನಾಗಿ ಹೇಳಿಬಿಟ್ಟ. ಕಾಡಿನಲ್ಲಿ ಆ ಹೊತ್ತು ಇದ್ದವರು ಇಬ್ಬರೇ. ಮೂರನೆಯವನಿಗೆ ಇದು ಹೇಗೆ ಗೊತ್ತು? ಪರ್ಣಾದನ ಬಾಯಲ್ಲಿ ಇದನ್ನು ಕೇಳಿದಾಗ ಅವಳ ಕಣ್ಣು ತುಂಬಿ ಬಂತು.

ತನ್ನ ಮಾತನ್ನೇ ಬೇರೆಯವರ ಮಾತಿನ ಹಾಗೆ ಹೇಳುವುದು ಇಂಥ ಕಥೆಗಳ ಜೀವಾಳ. ಮುಖ ಸುಳ್ಳು, ಹೆಸರು ಸುಳ್ಳು, ಮಾತು ಮಾತ್ರ ನಿಜ. ವೇಷ ಇಲ್ಲದಿದ್ದರೆ ನಳ ಈ ಮಾತು ಹೇಳುತ್ತಿದ್ದನಾ? ನನಗೆ ಅನುಮಾನ. ಎದುರಿಗೆ ನಿಂತು ಕ್ಷಮೆ ಕೇಳಲಾಗದ ಗಂಡಸು ಬಾಹುಕನ ಮರೆಯಲ್ಲಿ ಅದನ್ನು ಕೇಳಿಬಿಟ್ಟ.

ನಾಳೆ ಸೂರ್ಯ ಹುಟ್ಟುವ ಹೊತ್ತಿಗೆ

ಇಷ್ಟಾದರೂ ದಮಯಂತಿಗೆ ಪೂರ್ತಿ ಖಾತ್ರಿ ಇಲ್ಲ. ಈಗ ಅವಳು ವೇಷ ಹಾಕುತ್ತಾಳೆ. ಮೈಗೆ ಹಾಕುವ ವೇಷವಲ್ಲ, ಮನಸ್ಸಿಗೆ ಹಾಕುವ ವೇಷ. ತಾಯಿಗೆ ಮಾತ್ರ ತಿಳಿಸಿ, ತಂದೆಗೆ ಗೊತ್ತಾಗದಂತೆ, ಸುದೇವನನ್ನು ಅಯೋಧ್ಯೆಗೆ ಕಳಿಸುತ್ತಾಳೆ. ‘ನಳ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ದಮಯಂತಿಗೆ ಮತ್ತೆ ಸ್ವಯಂವರ. ನಾಳೆ ಸೂರ್ಯ ಹುಟ್ಟಿದಾಗ’ ಎಂದು ಋತುಪರ್ಣನಿಗೆ ಹೇಳಿಸುತ್ತಾಳೆ. ಅಯೋಧ್ಯೆಯಿಂದ ವಿದರ್ಭದ ಕುಂಡಿನಪುರಕ್ಕೆ 100 ಯೋಜನ. ಒಂದೇ ದಿನದಲ್ಲಿ ಅಷ್ಟು ದೂರ ರಥ ಓಡಿಸಬಲ್ಲವನು ಈ ಭೂಮಿಯ ಮೇಲೆ ಒಬ್ಬನೇ. ಋತುಪರ್ಣ ಸಮಯಕ್ಕೆ ಬಂದರೆ ಅವನ ಸಾರಥಿ ನಳ. ಬಾರದೆ ಹೋದರೆ ಅಲ್ಲ.

ಲೆಕ್ಕ ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಈ ಸುಳ್ಳು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬಾಹುಕನ ಎದೆ ಒಡೆಯುತ್ತದೆ. ಅವನು ಎರಡೂ ರೀತಿ ಯೋಚಿಸುತ್ತಾನೆ. ದುಃಖದಲ್ಲಿ ಅವಳು ನಿಜವಾಗಿಯೂ ಹೀಗೆ ಮಾಡುತ್ತಿದ್ದಾಳಾ? ಇಲ್ಲ, ನನಗಾಗಿಯೇ ಹೂಡಿದ ಉಪಾಯವಾ? ಮಕ್ಕಳಿರುವವಳು ಹೀಗೆ ಮಾಡಲಾರಳು. ಹೋಗಿ ನೋಡಿಯೇ ಬಿಡೋಣ ಅಂತ ಹೊರಡುತ್ತಾನೆ. ಅವಳು ಅವನ ಕೈಚಳಕ ಪರೀಕ್ಷೆ ಮಾಡುತ್ತಿದ್ದಾಳೆ, ಅವನು ಅವಳ ಮನಸ್ಸನ್ನು. ಇಬ್ಬರಿಗೂ ಅರ್ಧ ಮಾತ್ರ ಗೊತ್ತು. ನಮಗೆ ಎರಡೂ ಗೊತ್ತು, ಅದಕ್ಕೇ ಈ ಪ್ರಯಾಣ ಇಷ್ಟು ಬಿಗಿಯಾಗಿದೆ.

ಬಾಹುಕ ಸಣಕಲು ಕುದುರೆಗಳನ್ನು ಆರಿಸಿದಾಗ ರಾಜ ಗಾಬರಿಯಾಗುತ್ತಾನೆ. ರಥ ಹೊರಟ ಮೇಲೆ ಅವನ ಮೇಲುಹೊದಿಕೆ ಕೆಳಗೆ ಬೀಳುತ್ತದೆ. ನಿಲ್ಲಿಸು ಎನ್ನುವಷ್ಟರಲ್ಲಿ ರಥ ಒಂದು ಯೋಜನ ಮುಂದೆ ಬಂದಾಗಿದೆ. ಹಿಂದೆ ಕೂತಿದ್ದ ವಾರ್ಷ್ಣೇಯ ಒಂದು ಕಾಲದಲ್ಲಿ ನಳನ ಸಾರಥಿಯಾಗಿದ್ದವನು. ಅವನಿಗೆ ಅನುಮಾನ ಶುರುವಾಗುತ್ತದೆ. ವಯಸ್ಸು ಹೊಂದುತ್ತದೆ, ವಿದ್ಯೆ ಹೊಂದುತ್ತದೆ, ರೂಪ ಮಾತ್ರ ಹೊಂದುವುದಿಲ್ಲ. ಹೀಗೆ ಕವಿ ರಥದ ಮೇಲೂ ಒಬ್ಬ ಪತ್ತೇದಾರನನ್ನು ಕೂರಿಸಿದ್ದಾನೆ.

ಇಷ್ಟು ವೇಗದಲ್ಲಿ ಓಡುವ ರಥವನ್ನು ಕವಿ ನಡುದಾರಿಯಲ್ಲಿ ನಿಲ್ಲಿಸುತ್ತಾನೆ. ಯಾಕೆ ಗೊತ್ತಾ? ಮರದ ಕಾಯಿ ಎಣಿಸಲು! ಋತುಪರ್ಣ ಒಂದು ತಾರೆಮರ ತೋರಿಸಿ, ಅದರ ಎರಡು ಕೊಂಬೆಗಳಲ್ಲಿ 5 ಕೋಟಿ ಎಲೆ, 2095 ಕಾಯಿ ಇವೆ ಎನ್ನುತ್ತಾನೆ. ಬಾಹುಕ ಇಳಿದು, ಮರ ಕಡಿದು, ಕಾಯಿ ಎಣಿಸಿ ನೋಡುತ್ತಾನೆ. ಲೆಕ್ಕ ಸರಿಯಾಗಿದೆ. ಹೊತ್ತಾಗುತ್ತಿದೆ ಅಂತ ರಾಜ ಚಡಪಡಿಸುತ್ತಾನೆ, ಓದುವ ನಾವೂ ಚಡಪಡಿಸುತ್ತೇವೆ. ಆದರೆ ಇದು ಸುಮ್ನೆ ಎಳೆದ ದೃಶ್ಯವಲ್ಲ. ಹಳೆಯ ಕಾಲದಲ್ಲಿ ಜೂಜಿನ ದಾಳವಾಗಿ ಬಳಸುತ್ತಿದ್ದದ್ದೇ ಈ ತಾರೆಕಾಯಿ. ನಳನನ್ನು ಹಾಳು ಮಾಡಿದ ಜೂಜಿನ ಬೇರು ಇಲ್ಲೇ ಇದೆ. ಋತುಪರ್ಣ ಅವನಿಗೆ ದಾಳದ ವಿದ್ಯೆ ಅಕ್ಷಹೃದಯವನ್ನು ಕಲಿಸುತ್ತಾನೆ. ಕೂಡಲೇ ಕಲಿ ಕಾರ್ಕೋಟಕನ ವಿಷ ಕಾರುತ್ತಾ ಹೊರಬಂದು ಅದೇ ಮರ ಸೇರುತ್ತಾನೆ.

ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದು. ಕಲಿ ಹೋದ, ಇನ್ನು ನಳನಿಗೆ ಕಡಿಮೆಯಿರುವುದು ರೂಪ ಮಾತ್ರ. ಅದನ್ನು ಮರಳಿ ಪಡೆಯುವ ದಾರಿಯೂ ಅವನ ಕೈಯಲ್ಲೇ ಇದೆ. ಕಾರ್ಕೋಟಕ ಕೊಟ್ಟ ಬಟ್ಟೆ ತೊಟ್ಟು, ಅವನನ್ನು ನೆನೆದರೆ ಸಾಕು. ಆದರೂ ಅವನು ಬಾಹುಕನಾಗಿಯೇ ಕುಂಡಿನಪುರಕ್ಕೆ ಹೋಗುತ್ತಾನೆ. ಇಲ್ಲಿಯವರೆಗೆ ವೇಷ ಅವನ ಮೇಲೆ ಬಿದ್ದದ್ದು. ಇಲ್ಲಿಂದ ಮುಂದೆ ಅವನೇ ಇಟ್ಟುಕೊಂಡದ್ದು. ಅವಳ ಮನಸ್ಸಿನಲ್ಲಿ ತನಗೆ ಇನ್ನೂ ಜಾಗ ಇದೆಯಾ ಅಂತ ತಿಳಿಯದೆ ಅವನು ಮುಖ ತೋರಿಸಲಾರ.

ಗೊತ್ತಾದ ಮೇಲೂ ಮುಚ್ಚಿಡುವುದು

ಇಂಥ ಕಥೆಗಳಲ್ಲಿ ಕಾವು ಜಾಸ್ತಿಯಾಗುವುದು ಗುಟ್ಟು ಒಬ್ಬರಿಗೆ ಗೊತ್ತಾದ ಮೇಲೆ. ಇದನ್ನು ಬಹಳ ಚೆನ್ನಾಗಿ ತೋರಿಸಿದ ಇನ್ನೊಬ್ಬನೆಂದರೆ ಫ್ರಾನ್ಸಿನ ನಾಟಕಕಾರ ಮಾರಿವೋ. 1730ರಲ್ಲಿ ಪ್ಯಾರಿಸ್ಸಿನಲ್ಲಿ ಆಡಿದ ಅವನ ನಾಟಕದಲ್ಲಿ ಸಿಲ್ವಿಯಾ ಎಂಬ ಹುಡುಗಿ, ತನ್ನನ್ನು ನೋಡಲು ಬರುವ ವರನ ಗುಣ ತಿಳಿಯಲು ದಾಸಿಯ ಬಟ್ಟೆ ತೊಡುತ್ತಾಳೆ. ವರ ದೊರಾಂತ್ ಕೂಡ ಇದೇ ಉಪಾಯ ಮಾಡಿ ಆಳಿನ ವೇಷದಲ್ಲಿ ಬರುತ್ತಾನೆ. ಹುಡುಗಿಯ ತಂದೆಗೂ ಅಣ್ಣನಿಗೂ ಎರಡೂ ಗೊತ್ತು. ಅವರು ಹೇಳುವುದಿಲ್ಲ. ಆಳು ಮತ್ತು ದಾಸಿ ಎಂದುಕೊಂಡೇ ಇಬ್ಬರಲ್ಲೂ ಪ್ರೀತಿ ಹುಟ್ಟುತ್ತದೆ. ಎರಡನೇ ಅಂಕದಲ್ಲಿ ದೊರಾಂತ್ ತಾಳಲಾರದೆ ತಾನು ಯಾರು ಅಂತ ಹೇಳಿಬಿಡುತ್ತಾನೆ. ಸಿಲ್ವಿಯಾ ಆಗಲೂ ಹೇಳುವುದಿಲ್ಲ. ದಾಸಿ ಎಂದು ತಿಳಿದೂ ಅವನು ಮದುವೆಯಾಗಲು ಒಪ್ಪುವವರೆಗೆ ಕಾಯುತ್ತಾಳೆ. ಅವಳಿಗೆ ಗಂಡು ಸಿಕ್ಕರೆ ಸಾಲದು, ತನಗಾಗಿ ಅವನು ಎಷ್ಟು ಬಿಟ್ಟುಕೊಡುತ್ತಾನೆ ಅಂತ ನೋಡಬೇಕು.

ಕುಂಡಿನಪುರದಲ್ಲೂ ಇದೇ ನಡೆಯುತ್ತದೆ, ಇನ್ನೂ ಆಳವಾಗಿ. ರಥದ ಸದ್ದು ಕೇಳಿಯೇ ದಮಯಂತಿಗೆ ಇದು ನಳನ ಕೈ ಅನ್ನಿಸುತ್ತದೆ. ಲಾಯದಲ್ಲಿದ್ದ ನಳನ ಹಳೆಯ ಕುದುರೆಗಳೂ ಹಿಗ್ಗುತ್ತವೆ. ಉಪ್ಪರಿಗೆಯಿಂದ ನೋಡಿದರೆ ಇಳಿದವರಲ್ಲಿ ನಳ ಇಲ್ಲ. ಅತ್ತ ಋತುಪರ್ಣ ಸ್ವಯಂವರದ ಸುಳಿವೇ ಕಾಣದೆ ಪೆಚ್ಚಾಗಿ, ಸುಮ್ನೆ ನಿಮ್ಮನ್ನು ಕಂಡುಹೋಗಲು ಬಂದೆ ಎನ್ನುತ್ತಾನೆ. ಇಷ್ಟಕ್ಕೆ 100 ಯೋಜನ ಬಂದನಾ ಅಂತ ಭೀಮರಾಜ ಯೋಚಿಸುತ್ತಾನೆ.

ದಮಯಂತಿ ತನ್ನ ಸಖಿ ಕೇಶಿನಿಯನ್ನು ಬಾಹುಕನ ಹತ್ತಿರ ಕಳಿಸುತ್ತಾಳೆ. ನಳ ಎಲ್ಲಿದ್ದಾನೆ ಅಂತ ಗೊತ್ತಾ ಎಂಬ ಪ್ರಶ್ನೆಗೆ ಬಾಹುಕ ಕೊಡುವ ಉತ್ತರ ನನಗೆ ಬಹಳ ಇಷ್ಟ. ನಳ ಯಾರಿಗೂ ಗೊತ್ತಾಗದಂತೆ ಓಡಾಡುತ್ತಿದ್ದಾನೆ, ನಳನನ್ನು ಬಲ್ಲವನು ನಳನೊಬ್ಬನೇ, ಮತ್ತೆ ಅವನಿಗೆ ತೀರ ಹತ್ತಿರದವಳು ಎನ್ನುತ್ತಾನೆ. ಆ ಹತ್ತಿರದವಳು ಯಾರು ಅಂತ ಹೇಳಬೇಕಾಗಿಲ್ಲ.

ಆಮೇಲೆ ಒಂದೊಂದೇ ಪರೀಕ್ಷೆ. ಅವನಿಗೆ ನೀರು ಕೊಡಬೇಡ, ಬೆಂಕಿ ಕೊಡಬೇಡ, ಏನು ಮಾಡುತ್ತಾನೆ ನೋಡು ಎನ್ನುತ್ತಾಳೆ ದಮಯಂತಿ. ಕೇಶಿನಿ ನೋಡಿ ಬೆರಗಾಗುತ್ತಾಳೆ. ತಗ್ಗು ಬಾಗಿಲಲ್ಲಿ ಅವನು ತಲೆ ಬಾಗಿಸುವುದಿಲ್ಲ, ಬಾಗಿಲೇ ಎತ್ತರವಾಗುತ್ತದೆ. ಖಾಲಿ ಕೊಡ ಅವನು ನೋಡಿದರೆ ತುಂಬುತ್ತದೆ. ಹಿಡಿ ಹುಲ್ಲು ತಾನೇ ಹೊತ್ತಿಕೊಳ್ಳುತ್ತದೆ. ಕೈಯಲ್ಲಿ ಹೊಸಕಿದ ಹೂವು ಬಾಡದೆ ಇನ್ನಷ್ಟು ಅರಳುತ್ತದೆ. ಇವು ಬರೀ ಪವಾಡಗಳಲ್ಲ. ಬೆಂಕಿ ಅಗ್ನಿ ಕೊಟ್ಟ ವರ. ನೀರು, ಹೂವು ವರುಣ ಕೊಟ್ಟವು. ಅಡುಗೆಯ ರುಚಿ ಯಮ ಕೊಟ್ಟದ್ದು. ಮದುವೆಯ ದಿನ ದೇವತೆಗಳು ಇವನ್ನು ಕೊಟ್ಟಾಗ ನಾವು ಅಷ್ಟಾಗಿ ಗಮನಿಸಿರುವುದಿಲ್ಲ. ಉಡುಗೊರೆ ಅಂದುಕೊಂಡು ದಾಟಿ ಬಂದದ್ದು ಈಗ ಗುರುತಾಗಿ ನಿಲ್ಲುತ್ತದೆ.

ಹೂವಿನ ವಿಷಯದಲ್ಲಿ ಇನ್ನೂ ಒಂದು ಸೊಗಸಿದೆ. ಮೊದಲ ಸ್ವಯಂವರದಲ್ಲಿ ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲಿ ಕೂತಿದ್ದರು. ಎದುರಿಗೆ ಐದು ನಳರು. ದಮಯಂತಿ ನಿಜವಾದವನನ್ನು ಹುಡುಕಿದ್ದು ಬೆವರು, ಧೂಳು, ನೆರಳು ಮತ್ತು ಬಾಡಿದ ಹಾರದಿಂದ. ದೇವತೆಗಳ ಹಾರ ಬಾಡುವುದಿಲ್ಲ, ಮನುಷ್ಯನದು ಬಾಡುತ್ತದೆ. ಈಗ ಅದೇ ನಳನನ್ನು ಗುರುತಿಸಲು ನೆರವಾಗುವುದು ಬಾಡದ ಹೂವು. ಅಂದು ಎಲ್ಲರಿಗೂ ನಳನ ಮುಖ ಇತ್ತು. ಇಂದು ಆ ಮುಖ ಇಲ್ಲವೇ ಇಲ್ಲ. ಎರಡು ಸಲವೂ ಅವಳು ಮುಖವನ್ನು ನಂಬಲಿಲ್ಲ.

ಅವಳು ಅಷ್ಟಕ್ಕೂ ನಿಲ್ಲುವುದಿಲ್ಲ. ಬಾಹುಕ ಬೇಯಿಸಿದ ಮಾಂಸದ ಒಂದು ತುಂಡು ತರಿಸಿ ಬಾಯಿಗಿಡುತ್ತಾಳೆ. ಎಷ್ಟೋ ವರ್ಷ ಉಂಡ ರುಚಿ. ಕೂಗಿ ಅಳುತ್ತಾಳೆ. ಆಮೇಲೆ ಮಕ್ಕಳಿಬ್ಬರನ್ನೂ ಕೇಶಿನಿಯ ಜೊತೆ ಕಳಿಸುತ್ತಾಳೆ. ಬಾಹುಕ ಓಡಿಬಂದು ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಳುತ್ತಾನೆ. ಎಚ್ಚರವಾದ ಕೂಡಲೇ ಮಕ್ಕಳನ್ನು ಇಳಿಸಿ, ‘ನನ್ನ ಮಕ್ಕಳೂ ಹೀಗೇ ಇದ್ದಾರೆ, ಅದಕ್ಕೆ ಕಣ್ಣೀರು ಬಂತು. ನೀನು ಪದೇ ಪದೇ ಬರಬೇಡ, ಜನ ಏನಾದರೂ ಅಂದುಕೊಂಡಾರು’ ಎಂದು ಕೇಶಿನಿಗೆ ಹೇಳುತ್ತಾನೆ. ದೇವತೆಗಳ ವರದಿಂದ ಶುರುವಾದ ಪರೀಕ್ಷೆ ಅಡುಗೆಮನೆಗೆ ಬಂದು, ಅಲ್ಲಿಂದ ತಂದೆಯ ತೊಡೆಗೆ ಬಂದು ನಿಂತಿತು. ವರವನ್ನಾದರೂ ಇನ್ನೊಬ್ಬರು ಪಡೆದಿರಬಹುದು, ಆ ಅಳುವನ್ನು ಪಡೆಯಲಾಗುವುದಿಲ್ಲ.

ಕೊನೆಗೆ ಇಬ್ಬರೂ ಎದುರಾಗುತ್ತಾರೆ. ಅವಳು ಕಾವಿ ಉಟ್ಟು, ಜಡೆಗಟ್ಟಿದ ಕೂದಲು ಬಿಟ್ಟು, ಧೂಳು ಮೆತ್ತಿಕೊಂಡು ನಿಂತಿದ್ದಾಳೆ. ಅವನು ಗಿಡ್ಡ ತೋಳಿನ ಬಾಹುಕ. ಎಲ್ಲ ಗೊತ್ತಿದ್ದೂ ಅವಳು ‘ನಳ’ ಎನ್ನುವುದಿಲ್ಲ. ಬಾಹುಕ, ಮಲಗಿದ್ದ ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟುಹೋದ ಧರ್ಮಜ್ಞನೊಬ್ಬನನ್ನು ನೀನು ನೋಡಿದ್ದೀಯಾ ಎಂದು ಕೇಳುತ್ತಾಳೆ. ಮತ್ತೆ ಅದೇ ‘ಅವನು’. ಈ ಸಲ ನಳನಿಗೆ ತಡೆಯಲಾಗುವುದಿಲ್ಲ. ರಾಜ್ಯ ಕಳೆದದ್ದು, ನಿನ್ನನ್ನು ಬಿಟ್ಟದ್ದು ನಾನಾಗಿ ಮಾಡಿದ್ದಲ್ಲ, ಕಲಿ ಮಾಡಿಸಿದ್ದು ಎನ್ನುತ್ತಾನೆ. ‘ಅವನು’ ಹೋಗಿ ‘ನಾನು’ ಬಂತು. ವೇಷ ಕಳಚಿದ್ದು ಈ ಒಂದು ಪದದಲ್ಲಿ. ಮುಖ ಇನ್ನೂ ಬಾಹುಕನದೇ.

ಅದರ ಬೆನ್ನಿಗೇ ಅವನು, ಗಂಡನಿರುವಾಗ ಇನ್ನೊಬ್ಬನನ್ನು ಆರಿಸಲು ಹೊರಟೆಯಲ್ಲ ಎಂದು ಕೇಳುತ್ತಾನೆ. ಬಿಟ್ಟುಹೋದವನು ಕೇಳುವ ಮಾತಾ ಇದು ಅಂತ ಪ್ರತಿ ಸಲ ನನಗೆ ಸಂಕಟವಾಗುತ್ತದೆ. ಅವಳು ಗಾಳಿ, ಸೂರ್ಯ, ಚಂದ್ರರ ಮೇಲೆ ಆಣೆ ಇಡಬೇಕಾಗುತ್ತದೆ. ವಾಯು ಆಕಾಶದಿಂದ, ಅವಳು ತಪ್ಪು ಮಾಡಿಲ್ಲ, 3 ವರ್ಷ ನಾವು ಅವಳನ್ನು ಕಾಯ್ದಿದ್ದೇವೆ, ಆ ಉಪಾಯ ನಿನಗಾಗಿಯೇ ಎಂದು ಹೇಳಬೇಕಾಗುತ್ತದೆ. ಈ ಸಾಕ್ಷಿ ಅವಳಿಗೆ ಬೇಕಿರಲಿಲ್ಲ. ಆದರೂ ಕವಿ ಅವನ ಅನುಮಾನವನ್ನು ಮುಚ್ಚಿಡಲಿಲ್ಲ ಅನ್ನುವುದನ್ನು ನಾನು ಮೆಚ್ಚುತ್ತೇನೆ. ವೇಷ ಕಳಚಿದ ಕ್ಷಣ ಎಲ್ಲ ಸರಿಹೋಗುವುದಿಲ್ಲ. ಮುಚ್ಚಿಟ್ಟದ್ದು ಮುಖ ಮಾತ್ರ ಆಗಿರಲಿಲ್ಲ, ಭಯವೂ ಅದರೊಳಗೆ ಇತ್ತು. ಅದೂ ಹೊರಗೆ ಬಂದ ಮೇಲೆ ನಳ ಆ ಬಟ್ಟೆ ತೊಡುತ್ತಾನೆ. ಅವನ ರೂಪ ಮರಳುವುದು ಎಲ್ಲದಕ್ಕಿಂತ ಕೊನೆಗೆ.

ಕನಕದಾಸರು ಇದೇ ಕಥೆಯನ್ನು ಭಾಮಿನಿ ಷಟ್ಪದಿಯಲ್ಲಿ ‘ನಳಚರಿತ್ರೆ’ಯಾಗಿ ಹಾಡಿದರು. ಅದರಿಂದಾಗಿ ಕನ್ನಡದ ಮನೆಗಳಲ್ಲಿ ದಮಯಂತಿ ಹೊರಗಿನವಳಾಗಿ ಉಳಿಯಲಿಲ್ಲ.

ವನಪರ್ವದಲ್ಲಿ ಈ ಕಥೆ ಹೇಳುವವನು ಬೃಹದಶ್ವ ಮುನಿ. ಕೇಳುವವನು ಜೂಜಿನಲ್ಲಿ ಎಲ್ಲ ಕಳೆದುಕೊಂಡು ಕಾಮ್ಯಕ ವನದಲ್ಲಿ ಕೂತ ಧರ್ಮರಾಯ. ಕಥೆ ಮುಗಿದ ಮೇಲೆ ಮುನಿ ಅವನಿಗೂ ಅಕ್ಷಹೃದಯ ಕಲಿಸುತ್ತಾನೆ. ಆ ಕಾಡಿನಲ್ಲಿ ದ್ರೌಪದಿಯೂ ಇದ್ದಳು. 13ನೇ ವರ್ಷ ಮತ್ಸ್ಯದೇಶದ ವಿರಾಟನ ಆಸ್ಥಾನಕ್ಕೆ ಕಂಕ ಎಂಬ ಬ್ರಾಹ್ಮಣ ದಾಳ ಹಿಡಿದು ಬರುತ್ತಾನೆ. ರಾಣಿ ಸುದೇಷ್ಣೆಯ ಅಂತಃಪುರಕ್ಕೆ ಮಾಸಿದ ಸೀರೆಯ ಹೆಂಗಸೊಬ್ಬಳು ಬರುತ್ತಾಳೆ. ಯಾರಮ್ಮಾ ನೀನು ಅಂತ ಕೇಳಿದರೆ, ಸೈರಂಧ್ರಿ ಎನ್ನುತ್ತಾಳೆ. ಎಂಜಲು ಕೊಡಬಾರದು, ಕಾಲು ತೊಳೆಸಬಾರದು ಎಂದು ಅವಳೂ ಮೊದಲೇ ಹೇಳುತ್ತಾಳೆ.